ಇಎಸ್‌ಐ ಹಣ ಬರುತ್ತಿರುವಾಗ ಅಮ್ಮ ಕೆಲಸಕ್ಕೆ ಮರಳುವುದು ಹೇಗೆ? ರಾಜೀನಾಮೆ ಕೊಟ್ಟು ಹೊಸದಾಗಿ ಸೇರಿ ಎನ್ನುತ್ತಿದ್ದಾರೆ

ಶಿಂಷಾ_ದಂಡೆ (2024ರ ಸೆಪ್ಟೆಂಬರ್, ಭಾನುವಾರ, ರಾತ್ರಿ 9.10; ಈ ಚರ್ಚೆಯ ಕಾಯ್ದೆ, ಕಲಂ, ದರಗಳೆಲ್ಲ ಆಗಿನವು)

ಅಮ್ಮನಿಗೆ 46 ವರ್ಷ. ಒಂಬತ್ತು ವರ್ಷದಿಂದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ಕಳೆದ ವರ್ಷ, 2023ರಲ್ಲಿ, ಸೊಂಟ ಹಿಡಿದುಕೊಂಡಿದೆ ಎಂದು ಮೂರು ತಿಂಗಳು ಮುಲಾಮು ಹಚ್ಚಿಕೊಂಡೇ ದುಡಿದಳು. ಜೂನ್‌ನಲ್ಲಿ ಎಂಆರ್‌ಐ ಮಾಡಿಸಿದಾಗ ಬೆನ್ನುಮೂಳೆಯ ಕ್ಷಯ ಎಂದು ಗೊತ್ತಾಯಿತು. ಅಂದಿನಿಂದ ಮನೆಯಲ್ಲಿದ್ದಾಳೆ. ಸಂಬಳ 12,800 ಇತ್ತು. ಈಗ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡೆಯಿಂದ ತಿಂಗಳಿಗೆ ಹತ್ತು ಸಾವಿರದ ಆಸುಪಾಸು ಬರುತ್ತಿದೆ.

ಮಾತ್ರೆ ಈ ತಿಂಗಳಿಗೆ ಮುಗಿಯುತ್ತದೆ. ಡಾಕ್ಟರು "ಕೆಲಸಕ್ಕೆ ಹೋಗಬಹುದು, ಆದರೆ ಎಂಟು ಗಂಟೆ ಒಂದೇ ಸಮನೆ ಕೂರಬೇಡಿ" ಎಂದಿದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಎಂಟು ಗಂಟೆ ಕೂರದ ಟೈಲರ್ ಎಲ್ಲಿದ್ದಾಳೆ?

ಎಚ್‌ಆರ್ ಅವರನ್ನು ಕೇಳಲು ಹೋದೆವು. "ಹದಿನೈದು ತಿಂಗಳು ರಜೆ ಹಾಕಿದವರಿಗೆ ಹಳೆಯ ಜಾಗ ಇರುವುದಿಲ್ಲ. ರಾಜೀನಾಮೆ ಬರೆದುಕೊಡಿ, ಹೊಸದಾಗಿ ಸೇರಿಸಿಕೊಳ್ಳುತ್ತೇವೆ" ಎಂದರು. ಅಮ್ಮ ಹೆದರಿ ಸಹಿ ಹಾಕಲು ಹೊರಟಿದ್ದಳು. ಪೆನ್ ಕಿತ್ತುಕೊಂಡು ಕರೆತಂದಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ಅರ್ಧ ದಿನ ಕೆಲಸ ಮಾಡಿ ಉಳಿದರ್ಧಕ್ಕೆ ಇಎಸ್‌ಐ ಹಣ ಪಡೆಯುವುದಕ್ಕೆ ಆಗುತ್ತದೆಯೇ? ರಾಜೀನಾಮೆ ಕೊಟ್ಟರೆ ಏನು ಕಳೆದುಕೊಳ್ಳುತ್ತಾಳೆ? ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಮನೆಯಲ್ಲಿ ಓದಿದವಳು ನಾನೊಬ್ಬಳೇ ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.

ರಾಗಿಹಿಟ್ಟು

ಪೆನ್ ಕಿತ್ತುಕೊಂಡಿದ್ದು ಸರಿಯಾಯಿತು.

ಪೀಣ್ಯ_ಎರಡನೇ_ಹಂತ

ನನಗೆ ತಿಳಿದಂತೆ ಇಎಸ್‌ಐ ವರ್ಷಕ್ಕೆ 91 ದಿನ ಮಾತ್ರ, ಅದೂ ಶೇಕಡಾ 70. ಹದಿನೈದು ತಿಂಗಳು ಹೇಗೆ ಬಂತು? ಎಲ್ಲಿಯೋ ತಪ್ಪಾಗಿದೆ. ಆಮೇಲೆ ವಾಪಸ್ ಕಟ್ಟಿ ಎಂದು ನೋಟಿಸ್ ಬರಬಹುದು, ಎಚ್ಚರ.

ನಿವೃತ್ತ_ಗುಮಾಸ್ತ

ತಪ್ಪೇನೂ ಆಗಿಲ್ಲ, ಹುಡುಗಿಯನ್ನು ಹೆದರಿಸಬೇಡಿ. ಇಪ್ಪತ್ತೆರಡು ವರ್ಷ ಇದೇ ಕಾಗದಗಳ ನಡುವೆ ಕುಳಿತಿದ್ದವನು ನಾನು.

91 ದಿನ, ಶೇಕಡಾ 70 ಎಂಬುದು ಸಾಮಾನ್ಯ ಕಾಯಿಲೆಗೆ. ಅದು ಮುಗಿದ ಮೇಲೆ "ವಿಸ್ತೃತ ಅನಾರೋಗ್ಯ ಸೌಲಭ್ಯ" ಎಂದು ಇನ್ನೊಂದಿದೆ. 34 ದೀರ್ಘಕಾಲದ ಕಾಯಿಲೆಗಳ ಪಟ್ಟಿಯೇ ಇದೆ: ಕ್ಷಯ, ಕುಷ್ಠ, ಕ್ಯಾನ್ಸರ್, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ, ಸ್ಕಿಜೋಫ್ರೇನಿಯಾ, ಹೀಗೆ. ಅದರಲ್ಲಿ ಶೇಕಡಾ 80 ಸಿಗುತ್ತದೆ, ವೈದ್ಯಕೀಯ ಮಂಡಳಿ ಒಪ್ಪುತ್ತಾ ಹೋದರೆ ಎರಡು ವರ್ಷದವರೆಗೂ ಎಳೆಯಬಹುದು. ಎರಡು ವರ್ಷ ಸತತವಾಗಿ ವಿಮೆಯ ಕೆಲಸದಲ್ಲಿದ್ದು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳು) 156 ದಿನ ವಂತಿಗೆ ಬಿದ್ದಿರಬೇಕು. ಒಂಬತ್ತು ವರ್ಷ ದುಡಿದ ತಾಯಿಗೆ ಅದು ಎಂದೋ ಆಗಿದೆ. 12,800ರ ಶೇಕಡಾ 80 ಎಂದರೆ 10,240. ಲೆಕ್ಕ ಸರಿಯಾಗಿದೆ.

ಇನ್ನು ಅರ್ಧ ದಿನದ ಪ್ರಶ್ನೆ. ಆಗುವುದಿಲ್ಲ. 1948ರ ಕಾಯ್ದೆಯ 63ನೆಯ ಕಲಂ ನೇರವಾಗಿಯೇ ಹೇಳುತ್ತದೆ: ಕೆಲಸ ಮಾಡಿದ ದಿನಕ್ಕೆ ಅನಾರೋಗ್ಯದ ಹಣವಿಲ್ಲ. ದಿನ ಎಂದರೆ ಪೂರ್ತಿ ದಿನ, ಅರ್ಧ ದಿನ ಎಂಬ ಮಾತೇ ಅಲ್ಲಿಲ್ಲ. ಒಂದೋ ರೋಗಿ, ಇಲ್ಲವೋ ಕಾರ್ಮಿಕ.

ಪೀಣ್ಯ_ಎರಡನೇ_ಹಂತ

ಸರಿ ಸರ್, ಒಪ್ಪಿದೆ. 34ರ ಪಟ್ಟಿ ನನಗೆ ಗೊತ್ತಿರಲಿಲ್ಲ. ನಮ್ಮ ಅಣ್ಣ ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಆಗಿ 91 ದಿನ ಮುಗಿದ ಕೂಡಲೇ ಎದ್ದು ಕೆಲಸಕ್ಕೆ ಹೋದ. ಅವನಿಗೂ ಸಿಗುತ್ತಿತ್ತೇ?

ನಿವೃತ್ತ_ಗುಮಾಸ್ತ

ಶಸ್ತ್ರಚಿಕಿತ್ಸೆಯಾಗಿ ತೊಡಕುಗಳೂ ಇರುವ ಹೃದ್ರೋಗ ಪಟ್ಟಿಯಲ್ಲಿದೆ. ಯಾರೂ ಹೇಳಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ. ಕೇಳದೆ ಹೇಳುವ ಗುಮಾಸ್ತರು ಕಡಿಮೆ. ನಾನೂ ಎಲ್ಲ ದಿನವೂ ಹೇಳಿದವನಲ್ಲ, ಸುಳ್ಳೇಕೆ.

ಕಪ್ಪುಕೋಟು

ರಾಜೀನಾಮೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿಯೇ.

ಇಎಸ್‌ಐ ಕಾಯ್ದೆಯ 73ನೆಯ ಕಲಂ ಪ್ರಕಾರ ಅನಾರೋಗ್ಯದ ಹಣ ಪಡೆಯುತ್ತಿರುವ ಅವಧಿಯಲ್ಲಿ, ಅಥವಾ ಪ್ರಮಾಣಪತ್ರವಿರುವ ಕಾಯಿಲೆಯಿಂದ ಗೈರುಹಾಜರಾಗಿರುವಾಗ, ಮಾಲೀಕ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಶಿಕ್ಷಿಸುವಂತಿಲ್ಲ. ಅದಕ್ಕೇ ಅವರು "ತೆಗೆದಿದ್ದೇವೆ" ಎಂದು ಬರೆದುಕೊಡುವುದಿಲ್ಲ, ನಿಮ್ಮ ಕೈಯಿಂದಲೇ ಬರೆಸಿಕೊಳ್ಳುತ್ತಾರೆ. ತಾನಾಗಿ ಬಿಟ್ಟವಳಿಗೆ 73ನೆಯ ಕಲಂ ಕೊಡೆ ಹಿಡಿಯುವುದಿಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಬರುವ ಹಣ, ಅದರ ಲೆಕ್ಕವನ್ನೂ ನೋಡಿ. ಕಾಯಿಲೆಯ ಗೈರುಹಾಜರಿ ಸೇವೆಯನ್ನು ತುಂಡರಿಸುವುದಿಲ್ಲ ಎಂದು ಗ್ರಾಚ್ಯುಟಿ ಕಾಯ್ದೆ ಹೇಳುತ್ತದೆ. 12,800 ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಎಂದಿಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಒಂಬತ್ತು ವರ್ಷಕ್ಕೆ 66,461 ರೂಪಾಯಿ. ರಾಜೀನಾಮೆ ಕೊಟ್ಟರೂ ಇದು ಬರಬೇಕಾದ ಹಣವೇ. ಆದರೆ ಮರುದಿನದಿಂದ ಸೇವೆ ಸೊನ್ನೆಯಿಂದ ಶುರು, ಮತ್ತೆ ಐದು ವರ್ಷ ಕಾಯಬೇಕು. 46ರ ಹೆಂಗಸು, ಬೆನ್ನಿನ ಕ್ಷಯದಿಂದ ಎದ್ದವಳು. ಐದು ವರ್ಷದ ಮಾತನ್ನು ಯಾರ ಮೇಲೆ ಭಾರ ಹಾಕಿ ಒಪ್ಪುವುದು?

ಮೈಸೂರು_ರಸ್ತೆ_ಅಕ್ಕ

ನಾನು ಗಾರ್ಮೆಂಟ್ಸ್‌ನಲ್ಲಿ ಹದಿನೇಳು ವರ್ಷ ಇದ್ದವಳು. "ರಾಜೀನಾಮೆ ಕೊಟ್ಟು ಹೊಸದಾಗಿ ಸೇರು" ಎಂಬ ಮಾತು ಹೆರಿಗೆಗೆ ಹೋದವರಿಗೂ ಹೇಳುತ್ತಾರೆ, ಕಾಯಿಲೆ ಬಿದ್ದವರಿಗೂ ಹೇಳುತ್ತಾರೆ, ಐದು ವರ್ಷ ತುಂಬಲು ಎರಡು ತಿಂಗಳಿರುವವರಿಗಂತೂ ತಪ್ಪದೆ ಹೇಳುತ್ತಾರೆ. ನನ್ನ ಪಕ್ಕದ ಮೆಷಿನ್‌ನವಳು ಹಾಗೆ ಸಹಿ ಹಾಕಿದಳು. ಹೊಸದಾಗಿ ಸೇರಿಸಿಕೊಂಡರು, ನಿಜ. ಹೆಲ್ಪರ್ ಆಗಿ, ಹೆಲ್ಪರ್ ಸಂಬಳಕ್ಕೆ.

ತಂಗಿ, ಅಮ್ಮನಿಗೆ ಹೇಳು. ಖಾಲಿ ಹಾಳೆಗೂ ಸಹಿ ಬೇಡ.

ತುಂಗಾ_ನೀರು

ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಇದೆಯಲ್ಲ? ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ಮಾಡಲಾಗದ ಕೆಲಸವಾದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಅದನ್ನು ತೋರಿಸಿ ಎಚ್‌ಆರ್ ಬಾಯಿ ಮುಚ್ಚಿಸಿ.

ಕಪ್ಪುಕೋಟು

ನೀವು ಹೇಳುತ್ತಿರುವುದು 20ನೆಯ ಕಲಮಿನ ನಾಲ್ಕನೆಯ ಉಪಕಲಂ. ಅದರ ಮೊದಲ ಪದಗಳೇ "ಸರ್ಕಾರಿ ಸಂಸ್ಥೆ". ಖಾಸಗಿ ಕಾರ್ಖಾನೆಗೆ ಅದು ತಾಗುವುದಿಲ್ಲ. ತೋರಿಸಿದರೆ ಎಚ್‌ಆರ್ ನಗುತ್ತಾರೆ.

ಸರ್ಕಾರಿ ನೌಕರರಿಗೆ ಮಾತ್ರ ಇದು ಬ್ರಹ್ಮಾಸ್ತ್ರ. 1995ರ ಹಳೆಯ ಕಾಯ್ದೆಯಲ್ಲಿ ಇದೇ ರಕ್ಷಣೆ 47ನೆಯ ಕಲಮಿನಲ್ಲಿತ್ತು. ಕುನಾಲ್ ಸಿಂಗ್ ಎಂಬ ಕಾನ್‌ಸ್ಟೆಬಲ್ ಕಾಲು ಕಳೆದುಕೊಂಡಾಗ ಅನರ್ಹ ಎಂದು ಮನೆಗೆ ಕಳುಹಿಸಿ, ಅಶಕ್ತತಾ ಪಿಂಚಣಿ ಕೊಟ್ಟಿದ್ದೇವಲ್ಲ ಎಂದು ಇಲಾಖೆ ವಾದಿಸಿತು. ಪಿಂಚಣಿ ಕೊಟ್ಟ ಮಾತ್ರಕ್ಕೆ ಕೆಲಸದ ಹಕ್ಕು ಹೋಗುವುದಿಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ತುಂಗಾ_ನೀರು

ನಮ್ಮ ಸೋದರಮಾವ ಸರ್ಕಾರಿ ಬಸ್ಸಿನ ಚಾಲಕ. ಕಣ್ಣು ಹೋದ ಮೇಲೆ ಡಿಪೋದಲ್ಲಿ ಕುಳಿತು ಅದೇ ಸಂಬಳ ಪಡೆದರು. ಅದನ್ನೇ ನೆನೆದು ಹೇಳಿದೆ. ಒಂದೇ ದೇಶ, ಒಂದೇ ಬೆನ್ನು, ಸರ್ಕಾರಿಗೆ ಒಂದು ನ್ಯಾಯ, ಗಾರ್ಮೆಂಟ್ಸ್‌ಗೆ ಇನ್ನೊಂದು.

ಮುದ್ದೇಬಿಹಾಳ_ಬಿಸಿಲು

ಯಾರಿಗಾದರೂ ಕೋಪ ಬಂದರೆ ಬರಲಿ. ಮನೆಯಲ್ಲಿ ಕುಳಿತು ಶೇಕಡಾ 80 ಬಂದರೆ ಯಾರು ತಾನೇ ಕೆಲಸಕ್ಕೆ ಹೋಗುತ್ತಾರೆ? ನಮ್ಮ ಕಡೆ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಪುಕ್ಕಟೆ ಹಣದ ರುಚಿ ಹತ್ತಿದರೆ ಬಿಡುವುದಿಲ್ಲ.

ರಾಗಿಹಿಟ್ಟು

ಆ ತಾಯಿ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಿರುವುದನ್ನು ಓದಿದಿರಾ, ಇಲ್ಲವಾ?

ಮೈಸೂರು_ರಸ್ತೆ_ಅಕ್ಕ

ಪುಕ್ಕಟೆಯಲ್ಲ ಸ್ವಾಮಿ. ಪ್ರತಿ ತಿಂಗಳು ಸಂಬಳದಿಂದ ಮುಕ್ಕಾಲು ಶೇಕಡಾ ಹಿಡಿಯುತ್ತಾರೆ. 12,800ಕ್ಕೆ 96 ರೂಪಾಯಿ. ಮಾಲೀಕನ ಪಾಲು ಮೂರೂಕಾಲು ಶೇಕಡಾ, 416. ಒಂಬತ್ತು ವರ್ಷ ಕಟ್ಟಿ ಒಂದು ಸಲ ಪಡೆದರೆ ನಿಮ್ಮ ಕಣ್ಣು ಕುಕ್ಕುತ್ತದೆ. ನಾನು ಹದಿನೇಳು ವರ್ಷ ಕಟ್ಟಿದ್ದಕ್ಕೆ ಸಿಕ್ಕಿದ್ದು ಎರಡು ಬಾಟಲಿ ಕೆಮ್ಮಿನ ಔಷಧ.

ನಾಲ್ಕು_ಬೆರಳು

ಇಲ್ಲಿ ಎರಡು ಬಗೆಯ ಹಣ ಕಲಸಿಹೋಗಿದೆ. ನನ್ನದನ್ನು ಹೇಳುತ್ತೇನೆ.

2016ರಲ್ಲಿ ಪವರ್ ಪ್ರೆಸ್‌ನಲ್ಲಿ ಬಲಗೈಯ ತೋರುಬೆರಳು ಬುಡದವರೆಗೆ ಹೋಯಿತು. ಗಾಯ ಮಾಯುವವರೆಗೆ ತಾತ್ಕಾಲಿಕ ಅಂಗವೈಕಲ್ಯದ ಹಣ, ಸಂಬಳದ ಶೇಕಡಾ 90. ಅದಕ್ಕೂ ಇದೇ ನಿಯಮ, ಕೆಲಸಕ್ಕೆ ಹೋದ ದಿನ ನಿಂತಿತು. ಆಮೇಲೆ ಮಂಡಳಿಯ ಮುಂದೆ ನಿಲ್ಲಿಸಿದರು. ಕಾಯ್ದೆಯ ಅನುಸೂಚಿಯಲ್ಲಿ ಬೆರಳಿಗೊಂದು ಬೆಲೆ ಬರೆದಿದೆ: ಇಡೀ ತೋರುಬೆರಳಿಗೆ ಶೇಕಡಾ 14, ನಡುಬೆರಳಿಗೆ 12, ಹೆಬ್ಬೆರಳಿಗೆ 30. ಸಂತೆಯಲ್ಲಿ ಬದನೆಕಾಯಿ ದರ ಹಾಕಿದ ಹಾಗೆ. ಆಗ ನನ್ನ ದಿನದ ಸಂಬಳ 300. ಅದರ 90 ಶೇಕಡಾ 270, ಅದರ 14 ಶೇಕಡಾ 37 ರೂಪಾಯಿ 80 ಪೈಸೆ. ತಿಂಗಳಿಗೆ ಹನ್ನೊಂದು ನೂರು ಚಿಲ್ಲರೆ.

ಈ ಎರಡನೆಯ ಹಣ, ಶಾಶ್ವತ ಅಂಗವೈಕಲ್ಯದ್ದು, ನಾನು ಕೆಲಸ ಮಾಡಿದರೂ ಬರುತ್ತದೆ, ಮಾಡದಿದ್ದರೂ ಬರುತ್ತದೆ, ಸಾಯುವವರೆಗೆ ಬರುತ್ತದೆ. ಬದುಕಿದ್ದೇನೆ ಎಂಬ ಪ್ರಮಾಣಪತ್ರ ಮಾತ್ರ ಆಗಾಗ ಕೊಡಬೇಕು. ಇದು ತಿಳಿಯದೆ ನಾನು ಏಳು ತಿಂಗಳು ಮನೆಯಲ್ಲಿದ್ದೆ. ಕೆಲಸಕ್ಕೆ ಸೇರಿದರೆ ಪಿಂಚಣಿ ನಿಲ್ಲುತ್ತದೆ ಎಂದು ಟೀ ಅಂಗಡಿಯಲ್ಲಿ ಯಾರೋ ಹೇಳಿದ್ದರು. ಹನ್ನೊಂದು ನೂರನ್ನು ಉಳಿಸಲು ಹೋಗಿ ತಿಂಗಳಿಗೆ ಒಂಬತ್ತು ಸಾವಿರದಂತೆ ಕಳೆದುಕೊಂಡೆ.

ಶಿಂಷಾ_ದಂಡೆ

ಅಣ್ಣ, ಹಾಗಾದರೆ ಅಮ್ಮನಿಗೂ ಆ ಎರಡನೆಯದು ಸಿಗುತ್ತದೆಯೇ? ಬೆನ್ನು ಪೂರ್ತಿ ಬಾಗುವುದಿಲ್ಲ ಈಗ.

ನಾಲ್ಕು_ಬೆರಳು

ಇಲ್ಲ ತಂಗಿ. ಅದು ಕೆಲಸದಲ್ಲಿ ಆದ ಅಪಘಾತಕ್ಕೆ, ಕೆಲಸದಿಂದಲೇ ಬಂದ ಕಾಯಿಲೆಗೆ. ಬೆನ್ನಿನ ಕ್ಷಯ ಹೊಲಿಗೆಯಿಂದ ಬಂತು ಎಂದು ಯಾರೂ ಬರೆದುಕೊಡುವುದಿಲ್ಲ.

ಹೇಮಾವತಿ_ಹಿನ್ನೀರು

ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿ. ನಾಡಕಚೇರಿಯಲ್ಲಿ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸಿ ಮೊದಲು.

ನಿವೃತ್ತ_ಗುಮಾಸ್ತ

ಅದಕ್ಕೆ ಕನಿಷ್ಠ ಶೇಕಡಾ 40 ಅಂಗವೈಕಲ್ಯ ಇರಬೇಕು. ಜೊತೆಗೆ ಕುಟುಂಬದ ಆದಾಯಕ್ಕೆ ಮಿತಿಯಿದೆ, ತಿಂಗಳ ಸಂಬಳದ ಮನೆಗೆ ಅದು ಒದಗುವುದಿಲ್ಲ. ಸಿಕ್ಕರೂ ಶೇಕಡಾ 75ರ ಒಳಗಿನವರಿಗೆ ತಿಂಗಳಿಗೆ 800 ರೂಪಾಯಿ. 800ಕ್ಕಾಗಿ ದುಡಿಮೆ ಬಿಡುವವರು ಇದ್ದಾರೆ ಎಂದು ಹೇಳುವವರು 800 ರೂಪಾಯಿಗೆ ಒಂದು ವಾರದ ಸಂತೆ ಮಾಡಿ ನೋಡಲಿ.

ಕಾರ್ಡ್ ಮಾಡಿಸುವುದು ಬೇಡ ಎಂದಲ್ಲ. ಶೇಕಡಾ 40 ಬಂದರೆ ಇಎಸ್‌ಐ ಸಂಬಳದ ಮಿತಿಯೇ ಬೇರೆ: ಎಲ್ಲರಿಗೂ 21,000, ಅಂಗವಿಕಲರಿಗೆ 25,000.

ನೆಕಾರ್_ತೀರ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ. ಊರು ತಿಪಟೂರು. ಹೋಲಿಕೆ ಮಾಡಲು ಬಂದವನಲ್ಲ, ಆದರೆ ಆ ಹುಡುಗಿ ಕೇಳಿದ "ಅರ್ಧ ದಿನ" ಇಲ್ಲಿ ನಿಜವಾಗಿಯೂ ಇದೆ. ನನಗೆ ಡಿಸ್ಕ್ ಆಪರೇಷನ್ ಆದಾಗ ಮೊದಲ ಆರು ವಾರ ಕಂಪನಿ ಪೂರ್ತಿ ಸಂಬಳ ಕೊಟ್ಟಿತು. ಆಮೇಲೆ ಆರೋಗ್ಯ ವಿಮೆಯಿಂದ ಒಟ್ಟು ಸಂಬಳದ ಶೇಕಡಾ 70. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದವರೆಗೆ. ಮರಳುವಾಗ ಮೊದಲ ಎರಡು ವಾರ ದಿನಕ್ಕೆ ಎರಡು ಗಂಟೆ, ಮುಂದಿನ ಎರಡು ವಾರ ನಾಲ್ಕು ಗಂಟೆ, ಹೀಗೆ ಏರಿಸಿದರು. ಅಷ್ಟೂ ದಿನ ಕಾಗದದ ಮೇಲೆ ನಾನು ರೋಗಿಯೇ, ಹಣ ವಿಮೆಯಿಂದಲೇ. ಇದನ್ನು ಇಲ್ಲಿ ಹಂಬುರ್ಗ್ ಮಾದರಿ ಎನ್ನುತ್ತಾರೆ. ಎರಡು ಗಂಟೆಯ ಮೊದಲ ದಿನ ಮನೆಗೆ ಬಂದು ಮಧ್ಯಾಹ್ನವೆಲ್ಲ ಮಲಗಿದ್ದೆ. ಎಂಟು ಗಂಟೆ ಕೂರಿಸಿದ್ದರೆ ವಾರದಲ್ಲಿ ಮತ್ತೆ ಆಸ್ಪತ್ರೆ ಸೇರುತ್ತಿದ್ದೆ.

ಮುದ್ದೇಬಿಹಾಳ_ಬಿಸಿಲು

ಜರ್ಮನಿಯ ಕಥೆ ಇಲ್ಲಿಗೇಕೆ. ತಿಪಟೂರಿನ ತೆಂಗಿನಕಾಯಿ ಅಲ್ಲಿ ಎಷ್ಟು ಹೇಳಿ.

ನೆಕಾರ್_ತೀರ

ಎರಡು ಯೂರೋ. ಒಡೆದರೆ ಅರ್ಧಕ್ಕರ್ಧ ಕೊಳೆತಿರುತ್ತದೆ.

ಶಿಂಷಾ_ದಂಡೆ

ಒಂದು ವಿಷಯ ಹೇಳಿಬಿಡುತ್ತೇನೆ, ಬೈಯಬೇಡಿ. ಕಳೆದ ತಿಂಗಳು ವರಮಹಾಲಕ್ಷ್ಮಿ ಹಬ್ಬದ ಮುಂಚೆ ಅಮ್ಮ ಮನೆಯಲ್ಲಿ ನಾಲ್ಕು ರವಿಕೆ ಹೊಲಿದುಕೊಟ್ಟಳು. ಕೈ ಜಡ್ಡುಗಟ್ಟಿದೆ, ನೋಡೋಣ ಎಂದು. ಓಣಿಯವರು ಒಟ್ಟು 1,200 ರೂಪಾಯಿ ಕೊಟ್ಟರು. 63ನೆಯ ಕಲಂ ಓದಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ.

ಮುದ್ದೇಬಿಹಾಳ_ಬಿಸಿಲು

ನಾನು ಹೇಳಲಿಲ್ಲವೇ?

ಕಪ್ಪುಕೋಟು

ಇದನ್ನು ಇಲ್ಲಿ ಬರೆಯಬಾರದಿತ್ತು. ಸುಳ್ಳು ಹೇಳಿಕೆ ಕೊಟ್ಟು ಸೌಲಭ್ಯ ಪಡೆದರೆ 84ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಲ್ಕು ರವಿಕೆಗೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ಆದರೆ ನೆರೆಯವರ ಒಂದು ಮೂಗರ್ಜಿ ಸಾಕು, ಆ ದಿನಗಳ ಹಣ ವಾಪಸ್ ಕಟ್ಟಿ ಎನ್ನುವುದಕ್ಕೆ.

ಮೈಸೂರು_ರಸ್ತೆ_ಅಕ್ಕ

ಹದಿನೈದು ತಿಂಗಳು ಮಲಗಿದವಳಿಗೆ ಕೈ ಕೂಡುತ್ತದೆಯೇ ಎಂದು ನೋಡಬಾರದೇ? ಕಾರ್ಖಾನೆಗೆ ಹೋಗಿ ಗಂಟೆಗೆ ಅರವತ್ತು ಕಾಲರ್ ಕೂರಿಸು ಎಂದಾಗಲೇ ನೋಡಬೇಕೇ? ಆ ಜರ್ಮನಿಯ ತಮ್ಮ ಹೇಳಿದ ಎರಡು ಗಂಟೆಯ ಲೆಕ್ಕವನ್ನು ನಮ್ಮ ಹೆಂಗಸರು ಮನೆಯ ಮೂಲೆಯಲ್ಲಿ ಕದ್ದು ಮಾಡುತ್ತಾರೆ. ಅಲ್ಲಿ ಅದಕ್ಕೆ ಹೆಸರಿದೆ, ಇಲ್ಲಿ ಅದು ಅಪರಾಧ.

ನಿವೃತ್ತ_ಗುಮಾಸ್ತ

ಅಕ್ಕ ಹೇಳಿದ್ದು ನನಗೂ ಒಪ್ಪಿಗೆ, ನಿಯಮಕ್ಕೆ ಒಪ್ಪಿಗೆಯಿಲ್ಲ. ಇನ್ನು ಹೊಲಿಯುವುದು ಬೇಡ, ಹೊಲಿದರೂ ಹಣ ಬೇಡ. ಮಗಳ ಲಂಗ ಹೊಲಿದರೆ ಅದನ್ನು ಯಾರೂ ಕೆಲಸ ಎನ್ನುವುದಿಲ್ಲ. ನಾಲ್ಕು ರವಿಕೆಯನ್ನು ಮರೆತು ನಿದ್ದೆ ಮಾಡು ಮಗಳೇ.

ಈಗ ದಿನಾಂಕದ ಲೆಕ್ಕ ಕೇಳು, ಇದು ಯಾರಿಗೂ ಹೊಳೆದಿಲ್ಲ. ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಏಪ್ರಿಲ್‌-ಸೆಪ್ಟೆಂಬರ್ ವಂತಿಗೆಯ ಫಲ ಮುಂದಿನ ಜನವರಿ-ಜೂನ್‌ನಲ್ಲಿ. ಅಮ್ಮ ಈ ಅಕ್ಟೋಬರ್‌ನಲ್ಲಿ ಸೇರಿದರೆ, 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವಳ ವಂತಿಗೆ ಸೊನ್ನೆ. ಆದ್ದರಿಂದ 2025ರ ಜನವರಿಯಿಂದ ಜೂನ್‌ವರೆಗೆ ಡೆಂಗೆ ಬಂದು ಹತ್ತು ದಿನ ಮಲಗಿದರೂ ಸಾಮಾನ್ಯ ಅನಾರೋಗ್ಯದ ಹಣ ಬರುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 78 ದಿನ ವಂತಿಗೆ ಬಿದ್ದರೆ 2025ರ ಜುಲೈಯಿಂದ ಮತ್ತೆ ಹಕ್ಕು. ಅಲ್ಲಿಯವರೆಗೆ ಕೈಯಲ್ಲಿ ಒಂದಿಷ್ಟು ಇಟ್ಟುಕೊಂಡಿರಿ. ಪಿಎಫ್‌ನಿಂದ ಕಾಯಿಲೆಯ ಮುಂಗಡ ಪಡೆಯಬಹುದು.

ಶಿಂಷಾ_ದಂಡೆ

ಇದನ್ನು ಅಮ್ಮನಿಗೆ ಮೂರು ಸಲ ವಿವರಿಸಿದೆ. "ಜೂನ್‌ವರೆಗೆ ಜ್ವರ ಬರಿಸಿಕೊಳ್ಳಬಾರದು, ಅಷ್ಟೇ ತಾನೇ" ಎಂದಳು.

ಹೇಮಾವತಿ_ಹಿನ್ನೀರು

ಡಾಕ್ಟರಿಗೆ ಹೇಳಿ ಸರ್ಟಿಫಿಕೇಟಿನಲ್ಲಿ "ಹಗುರ ಕೆಲಸ" ಎಂದು ಬರೆಸಿ, ಚೆಕ್ಕಿಂಗ್ ಟೇಬಲ್‌ಗೆ ಹಾಕಿಸಿಕೊಳ್ಳಿ.

ಮೈಸೂರು_ರಸ್ತೆ_ಅಕ್ಕ

ಚೆಕ್ಕಿಂಗ್ ಹಗುರ ಎಂದು ಯಾರು ಹೇಳಿದರು? ಬೆಳಿಗ್ಗೆ ನಿಂತರೆ ಸಂಜೆಯೇ ಕೂರುವುದು. ಕೂತು ಸತ್ತವಳನ್ನು ನಿಲ್ಲಿಸಿ ಸಾಯಿಸಿದ ಹಾಗೆ. ದಾರ ಕತ್ತರಿಸುವ ಕಡೆ, ಅಥವಾ ಲೇಬಲ್ ಎಣಿಸಿ ಕೊಡುವ ಕಡೆ ಕೇಳಲಿ. ಅಲ್ಲಿ ಕೂರಬಹುದು, ಏಳಬಹುದು, ಮೆಷಿನ್ ಕಾಯುವುದಿಲ್ಲ.

ಕಪ್ಪುಕೋಟು

"ಹಗುರ ಕೆಲಸ" ಎಂಬ ಮಾತಿಗೆ ಎರಡು ಅಲಗು. ಖಾಸಗಿ ಕಾರ್ಖಾನೆ ಅದನ್ನು ಪಾಲಿಸಲೇಬೇಕು ಎಂದಿಲ್ಲ, ಬದಲಿಗೆ "ನಮ್ಮಲ್ಲಿ ಹಗುರ ಕೆಲಸವಿಲ್ಲ, ನೀವು ಪೂರ್ತಿ ಗುಣವಾಗಿಲ್ಲ" ಎಂದು ಬಾಗಿಲು ತೋರಿಸಬಹುದು. ನಿರಂತರ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದು ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಉದ್ಯೋಗ ಕಡಿತದ ಲೆಕ್ಕಕ್ಕೆ ಬರುವುದಿಲ್ಲ, ಪರಿಹಾರವೂ ಇಲ್ಲ. ಅಂತಿಮ ಪ್ರಮಾಣಪತ್ರದಲ್ಲಿ ಕೆಲಸಕ್ಕೆ ಯೋಗ್ಯ ಎಂದಷ್ಟೇ ಇರಲಿ. ಕೂರುವ ಸಮಯದ ಸಲಹೆಯನ್ನು ಡಾಕ್ಟರು ಬೇರೆ ಚೀಟಿಯಲ್ಲಿ ಬರೆಯಲಿ.

ಸೇರುವ ದಿನ ಒಂದು ಪತ್ರ ಬರೆಯಿರಿ: ಇಂಥ ದಿನದಿಂದ ಇಂಥ ದಿನದವರೆಗೆ ಇಎಸ್‌ಐ ಪ್ರಮಾಣಪತ್ರದ ಮೇಲೆ ರಜೆಯಲ್ಲಿದ್ದೆ, ಇಂದು ಕರ್ತವ್ಯಕ್ಕೆ ಹಾಜರಾಗಿದ್ದೇನೆ. ಎರಡು ಪ್ರತಿ, ಒಂದರ ಮೇಲೆ ಸೀಲು. ಸೀಲು ಹಾಕದಿದ್ದರೆ ಅದೇ ದಿನ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ. ಪತ್ರದಲ್ಲಿ ಕೋಪವಾಗಲಿ ಕಲಂ ಸಂಖ್ಯೆಯಾಗಲಿ ಬೇಡ.

ಉಪ್ಪಿನಕಾಯಿ_ಭರಣಿ

ಯಾರೂ ಹೇಳದ ಮಾತು. ಕ್ಷಯ ಎಂದು ಕೇಳಿದೊಡನೆ ಜೊತೆಯವರು ಊಟದ ಡಬ್ಬಿ ದೂರ ಸರಿಸುತ್ತಾರೆ. ನನಗೆ ಕುತ್ತಿಗೆಯ ಗಂಟಿನ ಕ್ಷಯವಾಗಿತ್ತು. ಶ್ವಾಸಕೋಶದ್ದಲ್ಲದ ಕ್ಷಯ ಸಾಮಾನ್ಯವಾಗಿ ಹರಡುವುದಿಲ್ಲ ಎಂದು ಎಷ್ಟು ಹೇಳಿದರೂ ನಾಲ್ಕು ತಿಂಗಳು ಒಬ್ಬಳೇ ಊಟ ಮಾಡಿದೆ. ಕ್ಷಯ ರೋಗಿಗಳ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣೆಯ ಹಣ ಬರುತ್ತಿದೆಯೇ? 2018ರಿಂದ ಚಿಕಿತ್ಸೆಯ ಅವಧಿಗೆ ಖಾತೆಗೆ ಹಾಕುತ್ತಾರೆ, ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ನನಗೆ ಮೂರು ಕಂತು ಒಟ್ಟಿಗೆ ಬಂತು, ಮೊಟ್ಟೆ ತಿನ್ನುವ ಕಾಲ ಮುಗಿದ ಮೇಲೆ.

ಶಿಂಷಾ_ದಂಡೆ (ಹನ್ನೊಂದು ದಿನಗಳ ನಂತರ)

ಎಲ್ಲರಿಗೂ ತಿಳಿಸಬೇಕೆಂದು ಬಂದೆ. ಪತ್ರ ಕೊಟ್ಟೆವು. ಎಚ್‌ಆರ್ ಎರಡು ಸಲ ಓದಿದರು, ಯಾರು ಬರೆದಿದ್ದು ಎಂದು ಕೇಳಿದರು, ನಾನು ಎಂದೆ. "ಮೇಡಂ ಹತ್ತಿರ ಕೇಳಿ ಬರುತ್ತೇನೆ" ಎಂದು ಒಳಗೆ ಹೋದವರು ಮುಕ್ಕಾಲು ಗಂಟೆ ಬಿಟ್ಟು ಸೀಲು ಹಾಕಿ ಕೊಟ್ಟರು. ರಾಜೀನಾಮೆಯ ಮಾತು ಮತ್ತೆ ಬರಲಿಲ್ಲ. ಹಳೆಯ ಐಡಿ ಕಾರ್ಡ್, ಹಳೆಯ ಸೇವೆ. ಲೇಬಲ್ ವಿಭಾಗಕ್ಕೆ ಹಾಕಿದ್ದಾರೆ, ಸದ್ಯಕ್ಕೆ ಎಂದು ಹೇಳಿ. ಸದ್ಯ ಎಂದರೆ ಎಷ್ಟು ದಿನ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಕಪ್ಪುಕೋಟು

ಸೀಲು ಹಾಕಿದ ಪ್ರತಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಮೈಸೂರು_ರಸ್ತೆ_ಅಕ್ಕ

ಅಮ್ಮ ಹೇಗಿದ್ದಾಳೆ, ಅದನ್ನು ಹೇಳು.

ಶಿಂಷಾ_ದಂಡೆ

ಮೊದಲ ದಿನ ಸಂಜೆ ಬಂದವಳೇ ಬೆಲ್ಟ್ ಬಿಚ್ಚಿ ನೆಲದ ಮೇಲೆ ಅಂಗಾತ ಮಲಗಿದಳು. ಊಟಕ್ಕೂ ಏಳಲಿಲ್ಲ. ನೋವಾ ಎಂದು ಕೇಳಿದರೆ ಬೇರೆಯೇ ಮಾತು. ಅವಳ ಮೆಷಿನ್‌ನಲ್ಲಿ ಈಗ ಯಾರೋ ಹೊಸ ಹುಡುಗಿ ಕೂತಿದ್ದಾಳಂತೆ. ಕಾಲರಿನ ಮೂತಿ ಒಂದು ಕಡೆ ಚೂಪು, ಇನ್ನೊಂದು ಕಡೆ ಮೊಂಡು. "ಅಂಥ ಪೀಸನ್ನು ಹೇಗೆ ಪಾಸು ಮಾಡುತ್ತಾರೋ" ಎಂದು ರಾತ್ರಿ ಹತ್ತರವರೆಗೆ ಬೈಯುತ್ತಲೇ ಇದ್ದಳು.